ಅಪ್‌ಡೇಟ್: ಹದಿಹರೆಯದ ಮಕ್ಕಳೊಂದಿಗೆ ಆಲ್ಪ್ಸ್ ಕಾರು ಪ್ರವಾಸ

ಮ್ಯೂನಿಕ್‌ನಿಂದ ಹೊರಟು ಒಂಬತ್ತು ದಿನಗಳಲ್ಲಿ ಆಸ್ಟ್ರಿಯಾ, ಇಟಲಿ, ಸ್ವಿಟ್ಜರ್ಲೆಂಡ್ ಮೂರನ್ನೂ ಕಾರಿನಲ್ಲಿ ಸುತ್ತಿದರೆ 14 ಮತ್ತು 16 ವರ್ಷದ ಮಕ್ಕಳಿಗೆ ಬೇಸರವಾದೀತೇ ಎಂದು ಮೇ ತಿಂಗಳಲ್ಲಿ ಕೇಳಿದ್ದೆ. ಜುಲೈ ಕೊನೆಯಲ್ಲಿ ಹೋಗಿ ಬಂದೆವು. ದಿನಕ್ಕೊಂದು ಊರು ಬೇಡ, ಎರಡೇ ಕಡೆ ತಂಗಿ ಎಂದು ಹಲವರು ಹೇಳಿದ್ದನ್ನು ಪಾಲಿಸಿ ಸ್ವಿಟ್ಜರ್ಲೆಂಡನ್ನು ಕೈಬಿಟ್ಟದ್ದೇ ಈ ಪ್ರವಾಸವನ್ನು ಉಳಿಸಿತು.

1935ರಲ್ಲಿ ಸಂಚಾರಕ್ಕೆ ತೆರೆದ ಗ್ರಾಸ್‌ಗ್ಲಾಕ್ನರ್ ಪರ್ವತ ರಸ್ತೆಯಲ್ಲಿ 36 ಹೇರ್‌ಪಿನ್ ತಿರುವುಗಳಿದ್ದು, ಆಸ್ಟ್ರಿಯಾದ ಹೆದ್ದಾರಿ ವಿನ್ಯೆಟ್ (ಹೆದ್ದಾರಿ ಬಳಸಲು ಮೊದಲೇ ಹಣ ಕಟ್ಟಿ ಪಡೆಯುವ ಚೀಟಿ) ಅಂಟಿಸಿಕೊಂಡಿದ್ದರೂ ಇಲ್ಲಿ ಪ್ರತ್ಯೇಕ ಸುಂಕ ಕಟ್ಟಲೇಬೇಕು. ತಿರುವುಗಳಲ್ಲಿ ಹೊಟ್ಟೆ ತೊಳಸುವ ಮಗಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಅರ್ಧ ಗಂಟೆಗೊಮ್ಮೆ ನಿಲ್ಲಿಸುತ್ತ ಹತ್ತಿದೆವು. ಇಳಿಯುವಾಗ ಬ್ರೇಕ್ ಕಾಯದಿರಲೆಂದು ಎರಡನೆಯ ಗೇರಿನಲ್ಲೇ ಇದ್ದೆ; ಪಕ್ಕದಲ್ಲಿ ನಿಂತ ಕಾರೊಂದರ ಬ್ರೇಕಿನಿಂದ ಸುಟ್ಟ ವಾಸನೆ ಬರುತ್ತಿತ್ತು.

ಇಟಲಿಯ ಡಾಲಮೈಟ್ಸ್ ಪರ್ವತಸಾಲಿನ ನಾಲ್ಕು ದಿನಗಳ ಯೋಜನೆಯನ್ನು ಮಗನಿಗೇ ಒಪ್ಪಿಸಿದ್ದೆ. ಸೈಸರ್ ಆಲ್ಮ್ ಹುಲ್ಲುಗಾವಲಿನ ರಸ್ತೆ ಬೆಳಗ್ಗೆ 9ರಿಂದ ಸಂಜೆ 5ರವರೆಗೆ ಖಾಸಗಿ ಕಾರುಗಳಿಗೆ ಮುಚ್ಚಿರುತ್ತದೆ ಎಂಬುದನ್ನು ಅವನೇ ಪತ್ತೆಹಚ್ಚಿ ಕೇಬಲ್ ಕಾರಿನ ಟಿಕೆಟ್ ತೆಗೆಸಿದ. ಫೋನಿನಿಂದ ತಲೆಯೆತ್ತದ ಹುಡುಗ ಅಂದು ದಾರಿಯುದ್ದಕ್ಕೂ ನಮ್ಮೆಲ್ಲರಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದ. ಉತ್ತರಿಸಿದ ಎಲ್ಲರಿಗೂ ನಮ್ಮ ಮನೆಮಂದಿಯ ಪರವಾಗಿ ಹೃತ್ಪೂರ್ವಕ ವಂದನೆಗಳು.