ಸಹಾಯ ಬೇಕು: ಡಿಟಿಎಸ್ ಫೈಲ್ ಹಾಕಿದರೆ ಧ್ವನಿಯೇ ಬರುತ್ತಿಲ್ಲ

ನಮಸ್ಕಾರ. ದಾವಣಗೆರೆ ವಿದ್ಯಾನಗರದಲ್ಲಿ ನಮ್ಮ ಮನೆ. ಟಿವಿಯ ಎಆರ್‌ಸಿ ಪೋರ್ಟ್‌ನಿಂದ (ಟಿವಿಯ ಧ್ವನಿಯನ್ನು ಹೊರಗೆ ಕಳಿಸುವ ಎಚ್‌ಡಿಎಂಐ ಪೋರ್ಟ್) 5.1 ರಿಸೀವರ್‌ಗೆ (ಐದು ಸ್ಪೀಕರ್, ಒಂದು ಸಬ್‌ವೂಫರ್ ನಡೆಸುವ ಪೆಟ್ಟಿಗೆ) ಎಚ್‌ಡಿಎಂಐ ಕೇಬಲ್ ಹಾಕಿದ್ದೇನೆ. ಸಿನಿಮಾ ಫೈಲ್‌ಗಳ ಪೆನ್‌ಡ್ರೈವ್ ಇರುವುದು ಟಿವಿಯಲ್ಲಿ. ಅವುಗಳ ಧ್ವನಿ ಡಾಲ್ಬಿ ಡಿಜಿಟಲ್ ಇಲ್ಲವೇ ಡಿಟಿಎಸ್; ಎರಡೂ ಹಲವು ಸ್ಪೀಕರ್‌ಗಳಿಗೆ ಧ್ವನಿ ಹಂಚುವ ಮಾದರಿಗಳು. ಡಾಲ್ಬಿ ಡಿಜಿಟಲ್ ಫೈಲ್ ಆದರೆ ಎಲ್ಲಾ ಸ್ಪೀಕರ್ ಚೆನ್ನಾಗಿ ಕೇಳುತ್ತವೆ. ಡಿಟಿಎಸ್ ಆದರೆ ಚಿತ್ರ ಓಡುತ್ತೆ, ಧ್ವನಿ ಇಲ್ಲ. ಪರದೆಯ ಕೆಳಗೆ ‘ಈ ಆಡಿಯೋ ಸಪೋರ್ಟ್ ಆಗಲ್ಲ’ ಅಂತ ಬರುತ್ತೆ. ರಿಸೀವರ್ ಮೇಲೆ ಡಿಟಿಎಸ್ ಗುರುತು ಇದೆ, ಅಂದ್ರೆ ಟಿವಿಯೇ ತಡೆಯುತ್ತಿದೆ ಅಲ್ವಾ? ಟಿವಿಯ ಧ್ವನಿ ಸೆಟ್ಟಿಂಗ್‌ನಲ್ಲಿ ಪಿಸಿಎಂ (ಟಿವಿಯೇ ಧ್ವನಿ ಬಿಡಿಸಿ ಕಳಿಸುವುದು) ತೆಗೆದು ಪಾಸ್‌ಥ್ರೂ (ಇದ್ದ ಹಾಗೇ ರಿಸೀವರ್‌ಗೆ ಕಳಿಸುವುದು) ಇಟ್ಟೆ, ಕೇಬಲ್ ಬದಲಿಸಿದೆ. ಪ್ರಯೋಜನ ಆಗಲಿಲ್ಲ.

ಅಪ್ಪನಿಗೆ ಕಿವಿ ಸ್ವಲ್ಪ ಮಂದ. ಮಧ್ಯದ ಸ್ಪೀಕರ್‌ನಲ್ಲಿ ಮಾತು ಸ್ಪಷ್ಟವಾಗಿ ಕೇಳುತ್ತೆ ಅಂತಲೇ ಈ ರಿಸೀವರ್ ತಂದಿದ್ದು.

ಚಿತ್ರ ಹಾಗೇ ಉಳಿಸಿ, ಧ್ವನಿಯನ್ನು ಮಾತ್ರ ಎಫ್‌ಎಫ್‌ಎಂಪೆಗ್‌ನಲ್ಲಿ (ಆಡಿಯೋ, ವಿಡಿಯೋ ಮಾದರಿ ಬದಲಿಸುವ ಸಾಫ್ಟ್‌ವೇರ್) 640 ಕೆಬಿಪಿಎಸ್ ಎಸಿ3ಗೆ (ಅಂದ್ರೆ ಡಾಲ್ಬಿ ಡಿಜಿಟಲ್‌ಗೆ) ಬದಲಿಸಲಾ? ಇಲ್ಲಾ ಮೀಡಿಯಾ ಪ್ಲೇಯರ್ ತಗೊಂಡು ನೇರ ರಿಸೀವರ್‌ಗೇ ಜೋಡಿಸಲಾ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.