ಡಿಬಗರ್ ಹಾಕಿದರೆ ಹ್ಯಾಂಗ್ ಆಗುವುದೇ ಇಲ್ಲ, ತೆಗೆದರೆ ಆಗುತ್ತದೆ!

ಪ್ರಶ್ನೆ – ಉಪ್ಪುನೀರು

ನಾನು ಕೂರುವುದು ಮಣಿಪಾಲದಲ್ಲಿ. ಬೋರ್ಡ್ (ಪ್ಲಾಂಟ್ ನೋಡಿಕೊಳ್ಳುವ ಚಿಕ್ಕ ಕಂಪ್ಯೂಟರ್) ಇರುವುದು ಮಲ್ಪೆ ಬಂದರಿನ ಹತ್ತಿರದ ಒಂದು ಐಸ್ ಪ್ಲಾಂಟಿನಲ್ಲಿ. 32 ಬಿಟ್ ಎಆರ್‌ಎಂ ಪ್ರೊಸೆಸರ್, ಲಿನಕ್ಸ್, ಸಿ++ ಪ್ರೋಗ್ರಾಂ. ನಾಲ್ಕು ಥ್ರೆಡ್ (ಒಟ್ಟೊಟ್ಟಿಗೆ ಓಡುವ ಭಾಗಗಳು) ಇವೆ. ಒಂದು ಟ್ಯಾಂಕಿನ ಉಪ್ಪುನೀರು ಎಷ್ಟು ತಣ್ಣಗಿದೆ ಎಂದು ಓದುತ್ತದೆ. ಒಂದು ಕಂಪ್ರೆಸರ್ ರಿಲೇ ನೋಡಿಕೊಳ್ಳುತ್ತದೆ. ಒಂದು ಮೋಡೆಮ್ ಮೂಲಕ ಮಾಲೀಕರಿಗೆ ಎಸ್‌ಎಂಎಸ್ ಕಳಿಸುತ್ತದೆ. ಇನ್ನೊಂದು ಸುಮ್ನೆ ವಾಚ್‌ಡಾಗ್‌ಗೆ (ಆಗಾಗ ತಟ್ಟದಿದ್ದರೆ ಬೋರ್ಡನ್ನೇ ರೀಸ್ಟಾರ್ಟ್ ಮಾಡುವ ಟೈಮರ್) "ಬದುಕಿದ್ದೇನೆ" ಎಂದು ಹೇಳುತ್ತಾ ಇರುತ್ತದೆ.

ಎರಡು ಮೂರು ದಿನ ಸರಿ ಇರುತ್ತದೆ. ಆಮೇಲೆ ಎಸ್‌ಎಂಎಸ್ ಇಲ್ಲ, ರಿಲೇ ಇದ್ದಲ್ಲೇ ಇರುತ್ತದೆ. ಪ್ರೋಗ್ರಾಂ ಮಾತ್ರ ಸತ್ತಿರುವುದಿಲ್ಲ. ಜಿಡಿಬಿಸರ್ವರ್ (ಜಿಡಿಬಿ ಎಂಬ ಡಿಬಗರನ್ನು ದೂರದಿಂದ ಬಳಸಲು ಬೋರ್ಡಿನಲ್ಲಿ ಓಡುವ ಭಾಗ) ಒಳಗೇ ಶುರು ಮಾಡಿ, ಬ್ರೇಕ್‌ಪಾಯಿಂಟ್ (ಪ್ರೋಗ್ರಾಂ ನಿಲ್ಲಬೇಕಾದ ಜಾಗದ ಗುರುತು) ಇಟ್ಟು ಒಂದು ವಾರ ಕಾದೆ. ಒಮ್ಮೆಯೂ ಹ್ಯಾಂಗ್ ಆಗಲಿಲ್ಲ! ಬ್ರೇಕ್‌ಪಾಯಿಂಟಿನಲ್ಲಿ 60 ಸೆಕೆಂಡ್ ನಿಂತರೆ ಬೋರ್ಡೇ ರೀಸ್ಟಾರ್ಟ್ ಆಗುತ್ತದೆ.

ಈಗ ಬೋಟುಗಳಿಗೆ ರಜೆ, ಜುಲೈ 31ರವರೆಗೆ. ಆಗಸ್ಟ್ 1 ಆದ ಮೇಲೆ ಆ ಬೋರ್ಡ್ ಮುಟ್ಟಲು ಯಾರೂ ಬಿಡುವುದಿಲ್ಲ. ಈ ಮಳೆಯಲ್ಲಿ ಸ್ಕೂಟರಿನಲ್ಲಿ ಹೋಗಿ ಬಂದು ರೈನ್‌ಕೋಟ್ ಒಣಗಿಯೇ ಇಲ್ಲ. ಎಂತ ಮಾಡುವುದು ಹೇಳಿ.

ಉತ್ತರ – ಹಳೇ ಸಿ ಮನುಷ್ಯ, ಮಂಗಳೂರು

ಬ್ರೇಕ್‌ಪಾಯಿಂಟ್ ಇಟ್ಟರೆ ಒಂದು ಥ್ರೆಡ್ ಅಲ್ಲ, ಎಲ್ಲವೂ ನಿಲ್ಲುತ್ತವೆ. ಜಿಡಿಬಿಯ ಸೆಟ್ಟಿಂಗ್ ಬದಲಿಸದಿದ್ದರೆ ಹಾಗೆಯೇ. ಥ್ರೆಡ್‌ಗಳು ಓಡುವ ವೇಳೆಯೇ ಬದಲಾಗುತ್ತದೆ, ಬಗ್ ಅಡಗುತ್ತದೆ. ವಾಚ್‌ಡಾಗ್ ಥ್ರೆಡ್ಡೂ ನಿಂತಿತಲ್ಲ, ಅದಕ್ಕೇ ರೀಸ್ಟಾರ್ಟ್.

ನಿಮ್ಮದು ಕ್ರ್ಯಾಶ್ ಅಲ್ಲ, ಹ್ಯಾಂಗ್. ಹಾಗಾಗಿ ಮೊದಲೇ ಡಿಬಗರ್ ಬೇಡ. ಹ್ಯಾಂಗ್ ಆಗಲಿ, ಆಮೇಲೆ ಓಡುತ್ತಿರುವ ಪ್ರೋಗ್ರಾಂಗೆ ಜಿಡಿಬಿಸರ್ವರನ್ನು ಅಟ್ಯಾಚ್ ಮಾಡಿ. ಕೈಯಲ್ಲಿ ಟೈಪ್ ಮಾಡಲು ಹೋಗಬೇಡಿ, 60 ಸೆಕೆಂಡ್ ಮುಗಿದುಹೋಗುತ್ತದೆ. ಒಂದು ಕಮಾಂಡ್ ಫೈಲಿನಲ್ಲಿ ಕನೆಕ್ಟ್, ಇನ್ಫೋ ಥ್ರೆಡ್ಸ್ (ಥ್ರೆಡ್‌ಗಳ ಪಟ್ಟಿ), ಥ್ರೆಡ್ ಅಪ್ಲೈ ಆಲ್ ಬಿಟಿ (ಪ್ರತಿ ಥ್ರೆಡ್ ಎಲ್ಲಿ ನಿಂತಿದೆ), ಡಿಟ್ಯಾಚ್ ಇಷ್ಟೇ ಬರೆದು ಬ್ಯಾಚ್ ಮೋಡಿನಲ್ಲಿ ಓಡಿಸಿ. ಸಿಸ್‌ರೂಟ್ (ಜಿಡಿಬಿ ಬೋರ್ಡಿನ ಲೈಬ್ರರಿಗಳನ್ನು ಹುಡುಕುವ ಜಾಗ) ನಿಮ್ಮ ಲ್ಯಾಪ್‌ಟಾಪಿನ ಕಾಪಿಗೆ ತಿರುಗಿಸಿ. ಇಲ್ಲದಿದ್ದರೆ ಈಗಿನ ಜಿಡಿಬಿ ಲೈಬ್ರರಿಗಳನ್ನೆಲ್ಲ ಆ ಬಡ ಲೈನಿನಲ್ಲಿ ಎಳೆಯುತ್ತಾ ಕೂರುತ್ತದೆ.

ಎರಡು ಥ್ರೆಡ್ ಲಾಕಿಗೆ (ಒಮ್ಮೆಗೆ ಒಂದೇ ಥ್ರೆಡ್ ಹಿಡಿಯಬಹುದಾದ ಮ್ಯೂಟೆಕ್ಸಿಗೆ) ಕಾಯುತ್ತಿದ್ದರೆ, ಆ ಮ್ಯೂಟೆಕ್ಸನ್ನೂ ಪ್ರಿಂಟ್ ಮಾಡಿಸಿ. ಗ್ಲಿಬ್‌ಸಿ (ಲಿನಕ್ಸಿನ ಸಾಮಾನ್ಯ ಸಿ ಲೈಬ್ರರಿ) ಆದರೆ ಒಳಗೆ ಓನರ್ ಎಂಬ ಜಾಗದಲ್ಲಿ ಒಂದು ನಂಬರ್ ಇರುತ್ತದೆ. ಅದೇ ನಂಬರ್ ಇನ್ಫೋ ಥ್ರೆಡ್ಸ್‌ನಲ್ಲಿ ಥ್ರೆಡ್ ಎಂಬುದರ ಮುಂದೆ, ಚುಕ್ಕಿಯ ಬಲಕ್ಕೆ ಸಿಗುತ್ತದೆ. ಯಾರ ಕೈಯಲ್ಲಿ ಲಾಕ್ ಉಂಟು ಎಂದು ಅಲ್ಲೇ ಗೊತ್ತಾಗುತ್ತದೆ.

ಇನ್ನೊಂದು ಮಾತು. ವಾಚ್‌ಡಾಗಿಗೆ ಬೇರೆಯೇ ಥ್ರೆಡ್ ಕೊಟ್ಟದ್ದು ನನಗೆ ಹಿಡಿಸಲಿಲ್ಲ. ಒಳಗೆ ಎರಡು ಜನ ಎಚ್ಚರ ತಪ್ಪಿ ಬಿದ್ದಿದ್ದರೂ ಗೇಟಿನಲ್ಲಿ ನಿಂತು "ಎಲ್ಲ ಸರಿ ಉಂಟು" ಅನ್ನುವ ಕಾವಲುಗಾರ ಅದು.

ಉತ್ತರ – ಕಾಪು ಲೈಟ್‌ಹೌಸ್

ಮೋಡೆಮಿನ ಸಿಮ್ ಮೇಲೆ ಜಿಡಿಬಿಸರ್ವರಿನ ಪೋರ್ಟ್ ಇಂಟರ್ನೆಟ್ಟಿಗೆ ತೆರೆದು ಇಟ್ಟಿಲ್ಲ ತಾನೇ ಮಾರಾಯ್ರೆ? ಜಿಡಿಬಿಸರ್ವರ್ ಪಾಸ್‌ವರ್ಡ್ ಕೇಳುವುದಿಲ್ಲ. ಲೋಕಲ್‌ಹೋಸ್ಟಿನಲ್ಲೇ (ಬೋರ್ಡಿನೊಳಗೇ) ಇಟ್ಟು ಎಸ್‌ಎಸ್‌ಎಚ್ (ಗೂಢಲಿಪಿಯ ರಿಮೋಟ್ ಲಾಗಿನ್) ಸುರಂಗದಲ್ಲಿ ಬನ್ನಿ.

ಶೆಡ್ಯೂಲರ್ ಲಾಕಿಂಗ್ (ಒಂದೇ ಥ್ರೆಡ್ ಓಡಲು ಬಿಡುವ ಜಿಡಿಬಿ ಸೆಟ್ಟಿಂಗ್) ಆನ್ ಮಾಡಿ ಒಂದೊಂದೇ ಸಾಲು ಸ್ಟೆಪ್ ಮಾಡಲೂ ಹೋಗಬೇಡಿ. ಬೇರೆ ಥ್ರೆಡ್ ಲಾಕ್ ಹಿಡಿದೇ ನಿಂತಿರುತ್ತದೆ, ನಿಮ್ಮದು ಅದಕ್ಕೇ ಕಾಯುತ್ತದೆ. ನಾನು ಒಮ್ಮೆ ಹೀಗೆ ಇಲ್ಲದ ಡೆಡ್‌ಲಾಕನ್ನು (ಥ್ರೆಡ್‌ಗಳು ಒಂದಕ್ಕೊಂದು ಕಾದು ನಿಲ್ಲುವುದು) ಅರ್ಧ ದಿನ ಹುಡುಕಿದ್ದೇನೆ.

ಮರುಉತ್ತರ – ಉಪ್ಪುನೀರು

ಪೋರ್ಟ್ ತೆರೆದೇ ಇತ್ತು. ಮುಚ್ಚಿದೆ, ಬೈಯಬೇಡಿ.

ನಿನ್ನೆ ರಾತ್ರಿ ಹ್ಯಾಂಗ್ ಆಯಿತು. ಫೈಲ್ ಓಡಿಸಿದೆ, 20 ಸೆಕೆಂಡಿನೊಳಗೆ ಎಲ್ಲ ಬಂತು. ಎಸ್‌ಎಂಎಸ್ ಥ್ರೆಡ್ ಮೋಡೆಮ್ ಲಾಕ್ ಹಿಡಿದು ಲಾಗ್ ಲಾಕಿಗೆ ಕಾಯುತ್ತಿತ್ತು. ರಿಲೇ ಥ್ರೆಡ್ ಲಾಗ್ ಲಾಕ್ ಹಿಡಿದು ಮೋಡೆಮ್ ಲಾಕಿಗೆ. ಓನರ್ ನಂಬರುಗಳು ಅದಲು ಬದಲು ಕೂತಿದ್ದವು. ಕಂಪ್ರೆಸರ್ ಟ್ರಿಪ್ ಆದಾಗ ಮಾತ್ರ ರಿಲೇ ಥ್ರೆಡ್ ತಾನೇ ಎಸ್‌ಎಂಎಸ್ ಕಳಿಸಲು ಹೋಗುತ್ತದೆ. ಆ ನಾಲ್ಕು ಸಾಲು ಬರೆದದ್ದು ನಾನೇ, ಮಾಲೀಕರು ಅವಸರ ಮಾಡಿದ ದಿನ.

ಎರಡೂ ಲಾಕನ್ನು ಸಿ++ನ ಸ್ಕೋಪ್ಡ್ ಲಾಕಿನಲ್ಲಿ ಒಟ್ಟಿಗೆ ಹಿಡಿಯುವಂತೆ ಮಾಡಿದ್ದೇನೆ. ನಾಳೆ ಹಾಕಲು ಹೋಗುತ್ತೇನೆ. ವಾಚ್‌ಡಾಗಿನ ಕಾವಲುಗಾರನಿಗೆ ಏನು ಮಾಡುವುದು, ಉಳಿದ ಮೂರೂ ಥ್ರೆಡ್ ಬಂದು ಸಹಿ ಹಾಕಿದರೆ ಮಾತ್ರ ತಟ್ಟುವ ಹಾಗೆ ಮಾಡಲಾ?