ಪದ ಬೇಕು, ಅರ್ಜೆಂಟ್: ಪ್ರೈಮ್ ನಂಬರ್‌ಗೆ ಫ್ಲೆಕ್ಸ್ ಮೇಲೆ ಏನು ಬರೆಯೋಣ?

ಬಾಗಲಕೋಟೆಯಿಂದ:
ಎಲ್ಲರಿಗೂ ನಮಸ್ಕಾರ. ನಮ್ಮ ಹೈಸ್ಕೂಲಿನ ಗಣಿತ ಮೇಳಕ್ಕೆ ಫ್ಲೆಕ್ಸ್ ಮಾಡಿಸಬೇಕು. ನವನಗರದ ಅಂಗಡಿಯವರು ಸಂಜೆಯೊಳಗೆ ಮ್ಯಾಟರ್ ಕೊಡಿ ಅಂದಿದ್ದಾರೆ. 2024ರ ಅಕ್ಟೋಬರಿನಲ್ಲಿ ಸಿಕ್ಕ 2¹³⁶²⁷⁹⁸⁴¹ − 1 ಬಗ್ಗೆ ಒಂದು ಫಲಕ. ‘ಜಗತ್ತಿನ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ’ ಅಂತ ತಲೆಬರಹ ಬರೆದಿದ್ದೇನೆ. ಸರಿ ಇದೆಯಾ? ‘ಮರ್ಸೆನ್ ಪ್ರೈಮ್’ಗೆ, ಅಂದರೆ ಹೀಗೆ 2ರ ಘಾತದಿಂದ 1 ಕಳೆದಾಗ ಸಿಗುವ ಪ್ರೈಮ್‌ಗೆ, ಕನ್ನಡದಲ್ಲಿ ಏನು?

ಬೆಳಗಾವಿಯಿಂದ:
ತಪ್ಪು. ಎಲ್ಲಕ್ಕಿಂತ ದೊಡ್ಡದು ಅನ್ನುವುದೇ ಇಲ್ಲ. ಗ್ರೀಕ್ ಗಣಿತಜ್ಞ ಯೂಕ್ಲಿಡ್ ಎರಡು ಸಾವಿರ ವರ್ಷದ ಹಿಂದೆಯೇ ತೋರಿಸಿಕೊಟ್ಟಿದ್ದಾನೆ. ‘ಈವರೆಗೆ ಗೊತ್ತಿರುವ’ ಅಂತ ಸೇರಿಸಿ. ಅವಿಭಾಜ್ಯ ಬಿಡಿ, ಮರಾಠಿಯವರ ಹಾಗೆ ‘ಮೂಲ ಸಂಖ್ಯೆ’ ಅನ್ನಿ. ಉಳಿದ ಸಂಖ್ಯೆಗಳೆಲ್ಲ ಹುಟ್ಟುವುದು ಇವುಗಳ ಗುಣಾಕಾರದಿಂದ ತಾನೇ?

ಜಮಖಂಡಿಯಿಂದ:
ಮೂಲ ಅಂದರೆ ನಮಗೆ ವರ್ಗಮೂಲ, ಘನಮೂಲ. ‘ಯಾವುದರ ಮೂಲ, ಸರ್?’ ಅಂತ ಹುಡುಗರು ಕೇಳುತ್ತಾರೆ. ಬೇಡ.
ಅವಿಭಾಜ್ಯವೂ ಅಷ್ಟಕ್ಕಷ್ಟೇ. 7 ರೊಟ್ಟಿ ಇಬ್ಬರಿಗೆ ಹಂಚಿದರೆ ತಲಾ ಮೂರೂವರೆ ಬರುತ್ತದಲ್ಲ, ಭಾಗ ಆಗಲಿಲ್ಲವೇ? ಇಲ್ಲಿ ಮಾತು ಒಡೆಯುವುದರದ್ದು. 2¹¹ − 1 ತಗೊಳ್ಳಿ, 2047. ನೋಡಲು ಗಟ್ಟಿ, ಆದರೆ 23 × 89 ಅಂತ ಒಡೆಯುತ್ತದೆ. 2¹³ − 1, ಅಂದರೆ 8191, ಒಡೆಯುವುದಿಲ್ಲ. ‘ಒಡೆಯದ ಎಣಿ’ ಅನ್ನಿ, ಎಣಿ ಅಂದರೆ ಸಂಖ್ಯೆ, ಅಚ್ಚಗನ್ನಡ. ಮುಗೀತು.

ವಿಜಯಪುರದಿಂದ:
ಮಕ್ಕಳು ಓದುವ ಪಠ್ಯದಲ್ಲಿ ಇರುವುದು ಅವಿಭಾಜ್ಯ. ಮೇಳಕ್ಕೊಂದು, ಪರೀಕ್ಷೆಗೊಂದು ಪದ ಯಾಕೆ? ಅಚ್ಚಗನ್ನಡದ ಹುಚ್ಚು ಸಾಕು ಮಾಡ್ರಿ. ಲೆಕ್ಕದಲ್ಲಿ ಕಳೆದು ಉಳಿದದ್ದಕ್ಕೆ ‘ಬಾಕಿ’ ಅನ್ನುತ್ತೀರಲ್ಲ, ಅದು ಅರಬ್ಬಿಯದ್ದು. ಜಮೀನು, ಖುರ್ಚಿ ಎಲ್ಲ ಆದಿಲ್‌ಶಾಹಿ ಕಾಲದಿಂದ ನಮ್ಮ ಮನೆಯೊಳಗೇ ಇವೆ. ಅವೆಲ್ಲ ನಡೆಯುತ್ತವೆ, ಸಂಸ್ಕೃತ ಮಾತ್ರ ಚುಚ್ಚುತ್ತದೆ ಅಲ್ವಾ?

ಜಮಖಂಡಿಯಿಂದ:
ಬಾಕಿ ಸಂತೆಯಲ್ಲಿ, ಉದ್ರಿ ಪುಸ್ತಕದಲ್ಲಿ ಬೆಳೆದ ಪದ. ಅವಿಭಾಜ್ಯ ಕರಿಹಲಗೆ ಬಿಟ್ಟು ಹೊರಗೆ ಬಂದದ್ದೇ ಇಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ವಿಜಯಪುರದಿಂದ:
‘ಒಡೆಯದ ಎಣಿ’ ಯಾವ ಸಂತೆಯಲ್ಲಿ ಕೇಳಿದ್ದೀರಿ?

ಗೋಕಾಕದಿಂದ:
ನಿಮ್ಮ ಜಗಳ ಆಮೇಲೆ ಆಡಿ, ಅಲ್ಲಿ ಅಂಗಡಿ ಮುಚ್ಚುತ್ತದೆ. ಮೇಡಂ, ‘ಈವರೆಗೆ ಗೊತ್ತಿರುವ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ’ ಅಂತಲೇ ಹಾಕಿಸಿ. ‘ಮರ್ಸೆನ್ ಅವಿಭಾಜ್ಯ’ ಸಾಕು. ಮರ್ಸೆನ್ 17ನೇ ಶತಮಾನದ ಫ್ರೆಂಚ್ ಪಾದ್ರಿ, ವ್ಯಕ್ತಿಯ ಹೆಸರಿಗೆ ಕನ್ನಡ ಯಾಕೆ ಹುಡುಕುವುದು?
ಕೆಳಗೆ ಅಂಕಿಗಳ ಲೆಕ್ಕ ಕೊಡಿ: 4,10,24,320. ಪುಟಕ್ಕೆ 5,000 ಅಂಕಿ ಅಚ್ಚು ಹಾಕಿದರೂ 8,200 ಪುಟ ದಾಟುತ್ತದೆ. ಕೊನೆಯ ಅಂಕಿ ಯಾವುದು ಅಂತ ಮಕ್ಕಳನ್ನೇ ಕೇಳಿ. 2ರ ಘಾತಗಳ ಕೊನೆಯಲ್ಲಿ 2, 4, 8, 6 ಸುತ್ತಿ ಸುತ್ತಿ ಬರುತ್ತವೆ. ನಮ್ಮ ಘಾತವನ್ನು 4ರಿಂದ ಭಾಗಿಸಿದರೆ ಉಳಿಯುವುದು 1, ಹಾಗಾಗಿ ಕೊನೆಗೆ 2. ಅದರಲ್ಲಿ ಒಂದು ಕಳೆದರೆ 1. ಕ್ಯಾಲ್ಕುಲೇಟರ್ ಬೇಕಿಲ್ಲ.
ಪ್ರಿಂಟ್‌ಗೆ ಬಿಡುವ ಮುಂಚೆ ಘಾತ ಸಣ್ಣದಾಗಿ ಮೇಲೆ ಕೂತಿದೆಯಾ ನೋಡಿಕೊಳ್ಳಿ. ಡಿಟಿಪಿಯವರು ಅದನ್ನು ಸಾಲಿಗೆ ಇಳಿಸಿದರೆ 2136279841 − 1 ಆಗುತ್ತದೆ. ಕಳೆದರೆ ಕೊನೆಗೆ ಸೊನ್ನೆ. ಐದನೇ ತರಗತಿ ಹುಡುಗಿ ನಿಂತಲ್ಲೇ 10ರಿಂದ ಒಡೆದು ಕೊಡುತ್ತಾಳೆ.